ಪ್ಲಶ್ ಬಟ್ಟೆ ಹಾಕಿ ಕೌದಿ ಹೊಲಿಯುವಾಗ ಬಟ್ಟೆ ಸರಿದು ಉದ್ದವಾಗುತ್ತದೆ, ಏನು ಮಾಡಲಿ?

ಅಕ್ಕನ ಮಗುವಿಗೆ ಕೌದಿ ಹೊಲಿಯುತ್ತಿದ್ದೇನೆ, ಒಂದು ಬದಿ ಹತ್ತಿ ಬಟ್ಟೆ, ಇನ್ನೊಂದು ಬದಿ ಮೇಲೆ ಕೂದಲಿರುವ ಮೆತ್ತಗಿನ ಪ್ಲಶ್ ಅಂದಿದ್ದೀರಿ. ಎರಡನ್ನೂ ಒಂದೇ ಅಳತೆಗೆ ಕತ್ತರಿಸಿದ್ದರೂ ಹೊಲಿಗೆ ಮುಗಿಯುವಷ್ಟರಲ್ಲಿ ಪ್ಲಶ್ ಒಂದು ಇಂಚು ಹೊರಗೆ ಬಂದಿದೆ, ಅದನ್ನು ಕತ್ತರಿಸಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಕತ್ತರಿಸಬೇಡಿ. ನನ್ನ ಮೊದಲ ಕೌದಿಯಲ್ಲಿ ನಾನು ಅದನ್ನೇ ಮಾಡಿದ್ದೆ. ಒಂದು ಸಲ ಒಗೆದ ಮೇಲೆ ಆ ಮೂಲೆ ತಿರುಚಿಕೊಂಡು ನಿಂತಿತು, ಮತ್ತೆ ಸರಿ ಹೋಗಲೇ ಇಲ್ಲ.

ಬಿಚ್ಚಿ ಮತ್ತೆ ಹೊಲಿಯಿರಿ. ಬಿಚ್ಚುವಾಗ ಹತ್ತಿ ಬಟ್ಟೆಯ ಕಡೆಯಿಂದಲೇ ದಾರ ಕತ್ತರಿಸಿ. ಪ್ಲಶ್ ಕಡೆ ಹೊಲಿಗೆ ಕೂದಲಿನೊಳಗೆ ಮುಳುಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಬ್ಲೇಡು ಹಾಕಿದರೆ ಬಟ್ಟೆಗೇ ತೂತು ಬೀಳುತ್ತದೆ.

ಇದು ಯಾಕೆ ಹೀಗೆ ಸರಿಯುತ್ತದೆ ಅಂತ ಒಮ್ಮೆ ಕೈಯಿಂದಲೇ ನೋಡಿ. ಪ್ಲಶ್ ಮೇಲೆ ಅಂಗೈ ಆಡಿಸಿ. ಒಂದು ದಿಕ್ಕಿಗೆ ಸವರಿದರೆ ನುಣುಪಾಗಿ ಮಲಗುತ್ತದೆ. ಎದುರು ದಿಕ್ಕಿಗೆ ಸವರಿದರೆ ಕೂದಲು ಎದ್ದು ನಿಂತು ಬಣ್ಣ ಸ್ವಲ್ಪ ಗಾಢವಾಗಿ ಕಾಣುತ್ತದೆ. ಗಾಳಿಗೆ ಬಾಗಿದ ಭತ್ತದ ಪೈರಿನ ಹಾಗೆ ಇದರ ಕೂದಲೆಲ್ಲ ಒಂದೇ ಕಡೆ ವಾಲಿರುತ್ತದೆ. ಅದರ ಮೇಲೆ ಹತ್ತಿ ಬಟ್ಟೆ ಇಟ್ಟು ಒತ್ತಿದರೆ ಜಾರದೆ ಇನ್ನೇನು? ಜೊತೆಗೆ ಇದು ನೇಯ್ದ ಬಟ್ಟೆಯಲ್ಲ, ಟೀ ಶರ್ಟಿನ ಹಾಗೆ ಹೆಣೆದದ್ದು. ಅಗಲಕ್ಕೆ ಎಳೆದರೆ ಹಿಗ್ಗುತ್ತದೆ. ಜಾರುವುದು, ಹಿಗ್ಗುವುದು ಎರಡೂ ಸೇರಿದ್ದರಿಂದಲೇ ನಿಮ್ಮ ಆ ಒಂದು ಇಂಚು ಬಂದದ್ದು.

ಹಾಗಾಗಿ ನನ್ನ ಸಲಹೆ ಒಂದೇ. ಮಷಿನ್ ಹತ್ತಿರ ಹೋಗುವ ಮುಂಚೆ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ. ಗುಂಡುಸೂಜಿ ಮಾತ್ರ ನಂಬಬೇಡಿ. ಮೊದಲು ಎರಡೂ ಬಟ್ಟೆಯ ನಾಲ್ಕೂ ಬದಿಯ ನಡುಮಧ್ಯ ಗುರುತು ಮಾಡಿ, ಹೊರಗೆ ಕಾಣಬೇಕಾದ ಮುಖಗಳು ಒಳಗೆ ಎದುರುಬದುರಾಗುವಂತೆ ಸೇರಿಸಿ, ಗುರುತಿಗೆ ಗುರುತು ಹೊಂದಿಸಿ ಸೂಜಿ ಚುಚ್ಚಿ. ಆಮೇಲೆ ಮೂಲೆಗಳು. ಆಮೇಲೆ ನಡುವಿನ ಜಾಗ, ಇಂಚಿಗೊಂದು ಸೂಜಿ. ಅದರ ಮೇಲೆ ಬೇರೆ ಬಣ್ಣದ ದಾರದಲ್ಲಿ ಅರ್ಧ ಇಂಚಿನ ಕಚ್ಚಾ ಹೊಲಿಗೆ. 36 ಇಂಚು ಅಗಲ 40 ಇಂಚು ಉದ್ದದ ಮಗುವಿನ ಕೌದಿಗೆ ನನಗೆ ಹೆಚ್ಚು ಕಡಿಮೆ ಒಂದು ಗಂಟೆ ಹಿಡಿಯುತ್ತದೆ. ಆ ಒಂದು ಗಂಟೆ ಬಿಟ್ಟರೆ ಬಿಚ್ಚುವುದಕ್ಕೆ ಮೂರು ಗಂಟೆ ಕೊಡಬೇಕಾಗುತ್ತದೆ.

ಮೂಲೆಗಳನ್ನು ಚೂಪಾಗಿ ಬಿಡಬೇಡಿ. ಊಟದ ತಟ್ಟೆ ಬೋರಲು ಇಟ್ಟು ಸೀಮೆಸುಣ್ಣದಲ್ಲಿ ಗುಂಡಗೆ ಗೀಚಿಕೊಳ್ಳಿ. ಚೂಪು ಮೂಲೆಯಲ್ಲಿ ಪ್ಲಶ್ ಉಂಡೆ ಕಟ್ಟಿಕೊಳ್ಳುತ್ತದೆ, ಎಷ್ಟು ತಿರುವಿದರೂ ಅಂದ ಬರುವುದಿಲ್ಲ.

ಮಷಿನ್‌ನಲ್ಲಿ ಪ್ಲಶ್ ಕೆಳಗೆ, ಹತ್ತಿ ಮೇಲೆ ಇರಲಿ. ಕೆಳಗಿನ ಹಲ್ಲು ಹಿಗ್ಗುವ ಬಟ್ಟೆಯನ್ನು ಹಿಡಿದು ಒಳಗೆ ತಳ್ಳುತ್ತದೆ. ಮನೆಯ ಹಳೇ ಕಪ್ಪು ಮಷಿನ್ ಆದರೆ, ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ಇರುವ ಕಂಬಿಯ ನೆತ್ತಿಯ ಮೇಲೆ ಒಂದು ತಿರುಪು ಇರುತ್ತದೆ, ನೋಡಿದ್ದೀರಾ? ಅದನ್ನು ಸ್ವಲ್ಪ ಸಡಿಲ ಮಾಡಿ. ಒತ್ತಡ ಕಡಿಮೆ ಆದರೆ ಸರಿಯುವುದೂ ಕಡಿಮೆ. ಹೊಸ ಮಷಿನ್ ಆದರೆ ವಾಕಿಂಗ್ ಫೂಟ್ ತೆಗೆದುಕೊಳ್ಳಿ, ಅದು ಮೇಲಿನ ಬಟ್ಟೆಯನ್ನೂ ಕೆಳಗಿನದರ ಜೊತೆಗೇ ನಡೆಸುತ್ತದೆ. ಹೊಲಿಗೆ ಉದ್ದ ಇರಲಿ, ಇಂಚಿಗೆ 7-8 ಸಾಕು. ಅಂಚಿಗೂ ಹೊಲಿಗೆಗೂ ನಡುವೆ ಮಾರ್ಜಿನ್ ಅರ್ಧ ಇಂಚು ಬಿಡಿ, ಕಾಲು ಇಂಚು ಬಿಟ್ಟರೆ ಹೊಲಿಗೆ ಅಂಚಿನಿಂದ ಜಾರಿ ಹೋಗುತ್ತದೆ. ಮಷಿನ್ ಸೂಜಿ 14 ನಂಬರ್, ಮೊನೆ ದುಂಡಗಿರುವ ಬಾಲ್ ಪಾಯಿಂಟ್ ಅಂತ ಕೇಳಿ ತನ್ನಿ. ತಿರುವಿ ಹಾಕಲು ಒಂದು ಬದಿಯಲ್ಲಿ ಎಂಟು ಇಂಚು ಬಾಯಿ ಬಿಡಿ. ಇಸ್ತ್ರಿ ಪ್ಲಶ್‌ಗೆ ತಾಗಿಸಲೇಬೇಡಿ. ಅದು ಪಾಲಿಯೆಸ್ಟರ್, ಬಿಸಿಗೆ ಕೂದಲು ಕರಗಿ ಅಂಟಿಕೊಳ್ಳುತ್ತದೆ. ತಿರುವಿದ ಮೇಲೆ ಅಂಚನ್ನು ಬೆರಳಲ್ಲೇ ಒತ್ತಿ ಕೂರಿಸಿ.

ಇನ್ನು ನಡುವಿನ ಹೊಲಿಗೆ. ಇದನ್ನು ನಾನು ಕೈಯಲ್ಲೇ ಹಾಕುತ್ತೇನೆ. ಅಜ್ಜಿ ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿಗೆ ಹಾಕುತ್ತಿದ್ದ ಅದೇ ಸಾದಾ ಹೊಲಿಗೆ. ಸಾಲಿಗೂ ಸಾಲಿಗೂ ನಾಲ್ಕು ಇಂಚು ಬಿಟ್ಟರೂ ಸಾಕು. ಪ್ಲಶ್ ಕಡೆ ಹೊಲಿಗೆ ಮುಳುಗಿಹೋಗುವುದರಿಂದ ಹೆಚ್ಚು ಕಡಿಮೆಯಾದರೂ ಕಾಣುವುದಿಲ್ಲ. ಆದರೆ ಒಂದು ವ್ಯತ್ಯಾಸ ನೆನಪಿಡಿ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಎಷ್ಟು ಚೆಂದದ ಕೆಲಸ ಅದು! ಮೆದುವಾದ ಹಳೇ ಹತ್ತಿಗೆ ಆ ದಾರಿ ಒಪ್ಪುತ್ತದೆ. ಪ್ಲಶ್‌ಗೆ ಒಪ್ಪುವುದಿಲ್ಲ. ಹೊರಗಿನಿಂದ ಬಂದರೆ ಹಿಗ್ಗಿದ ಬಟ್ಟೆಯೆಲ್ಲ ನಡುವೆ ಗುಡ್ಡೆಯಾಗುತ್ತದೆ. ಇದಕ್ಕೆ ನಡುವಿನಿಂದಲೇ ಶುರು ಮಾಡಿ ಹೊರಕ್ಕೆ ಹೋಗಿ. ಒಳಗೆ ಹತ್ತಿಯ ಪದರ ಬೇರೆ ಬೇಕಿಲ್ಲ, ನಮ್ಮ ಹವೆಗೆ ಜಾಸ್ತಿ ಆಗುತ್ತದೆ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಮಗುವಿಗೆ ಒಂದು ವರ್ಷ ತುಂಬುವವರೆಗೆ ಮಲಗಿದಾಗ ಇದನ್ನು ಹೊದಿಸಬೇಡಿ ಅಂತ ಅಕ್ಕನಿಗೆ ತಿಳಿಸಿ. ಸಡಿಲವಾದ ಹೊದಿಕೆ ಮುಖದ ಮೇಲೆ ಬಂದರೆ ಉಸಿರಿಗೆ ಅಪಾಯ, ಮಕ್ಕಳ ಡಾಕ್ಟರುಗಳು ಹೇಳುವುದೂ ಇದನ್ನೇ. ಎಚ್ಚರವಿದ್ದಾಗ, ಯಾರಾದರೂ ಹತ್ತಿರ ಇದ್ದಾಗ, ನೆಲಕ್ಕೆ ಹಾಸಿ ಆಡಲು ಬಿಡಲಿ. ಒಗೆಯುವಾಗ ತಣ್ಣೀರು, ನೆರಳಲ್ಲಿ ಒಣಗಿಸುವುದು. ಬಟ್ಟೆ ಮೆತ್ತಗೆ ಮಾಡುವ ದ್ರವ ಬೇಡ, ಕೂದಲು ಜಿಡ್ಡಾಗುತ್ತದೆ.

ಎಲ್ಲ ಮುಗಿದ ಮೇಲೆ ಮಷಿನ್‌ನ ಕೆಳಗಿನ ದಾರ ಕೂರುವ ಬಾಬಿನ್ ಕೇಸ್ ತೆಗೆದು ನೋಡಿ. ಕತ್ತರಿಸಿದ ಅಂಚಿನಿಂದ ಉದುರಿದ ಕೂದಲು ಅಲ್ಲಿ ಮೆತ್ತೆಯಂತೆ ಕೂತಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆದು, ಒಂದು ತೊಟ್ಟು ಎಣ್ಣೆ ಬಿಡಿ.