ಮಂಗಳೂರಿನಲ್ಲಿ ಸಾರ್ವಜನಿಕ ಸಭೆಯ ಮರೆಯಲ್ಲಿ ದ್ವೇಷ ಹರಡುವ ಬಲಪಂಥೀಯ ಉಗ್ರರನ್ನು ಎದುರಿಸುವುದು ಹೇಗೆ?

ಸಭೆಯನ್ನೇ ನಿಲ್ಲಿಸಲು ಹೋಗಬೇಡಿ. ಶಾಂತಿಯಿಂದ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಎಲ್ಲ ನಾಗರಿಕರಿಗೂ ಕೊಟ್ಟಿದೆ. ಮೈದಾನದ ಬಾಗಿಲಲ್ಲಿ ಜಗಳವಾದರೆ ಅವರಿಗೇ ಲಾಭ.

ಹಿಡಿಯಬೇಕಾದದ್ದು ಮಾತನ್ನು. ಅರ್ಧ ಗಂಟೆ ಸಂಸ್ಕೃತಿ, ಗೋವು, ತುಳುನಾಡು ಎಂದೆಲ್ಲ ಸಾಗಿದ ಭಾಷಣ ಕೊನೆಗೆ "ಅವರ ಅಂಗಡಿಗೆ ಕಾಲಿಡಬೇಡಿ, ಕೈಕಟ್ಟಿ ಕೂರಬೇಡಿ" ಎಂದು ತಿರುಗುತ್ತದಲ್ಲ, ಅಸಲು ವಿಷಯ ಆ ಎರಡು ನಿಮಿಷ. ಭಾಷಣವನ್ನು ಪೂರ್ತಿ ರೆಕಾರ್ಡ್ ಮಾಡಿ, ಮೂಲ ಫೈಲನ್ನು ಫೋನಿನಲ್ಲೇ ಉಳಿಸಿ. ತುಂಡು ಮಾಡಿ ವಾಟ್ಸಾಪಿಗೆ ಹಾಕಿದರೆ ಅವರ ಪ್ರಚಾರವನ್ನು ನೀವೇ ಮಾಡಿದಂತೆ. ಮಾತು ತುಳುವಿನಲ್ಲಿದ್ದರೆ ಆ ಸಾಲುಗಳ ಕನ್ನಡ ಅನುವಾದವನ್ನೂ ಜೊತೆಗಿಡಿ. ಗುಂಪುಗಳ ನಡುವೆ ದ್ವೇಷ ಹರಡುವುದನ್ನು ಅಪರಾಧವೆನ್ನುವ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ (ಹಳೆಯ ಭಾರತೀಯ ದಂಡ ಸಂಹಿತೆಯ 153ಎ) ಅಡಿ ಪೊಲೀಸರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಕೇಳಿ ಪಡೆಯಿರಿ. ದೂರು ಬಾರದಿದ್ದರೂ ಪೊಲೀಸರೇ ಕೇಸು ದಾಖಲಿಸಬೇಕು, ಮಾತಾಡಿದವರ ಧರ್ಮ ನೋಡಬಾರದು ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ.

ಸಾಕ್ಷ್ಯದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. 2009ರಲ್ಲಿ ನಮ್ಮೂರಿನ ಪಬ್ಬಿನಲ್ಲಿ ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2018ರಲ್ಲಿ ಆ ಪ್ರಕರಣದ ಆರೋಪಿಗಳು ಸಾಕ್ಷ್ಯ ಸಾಲದೆ ಖುಲಾಸೆಯಾದರು.