ಆರೋಗ್ಯ ಪ್ರಶ್ನೋತ್ತರ: ಮನೆಯಲ್ಲೇ ಇರುವ ಅತ್ತೆಯವರಿಗೆ ಫ್ಲೂ ಬಂದದ್ದು ಹೇಗೆ?

ಪ್ರಶ್ನೆ: ನಮ್ಮ ಅತ್ತೆಯವರಿಗೆ 78 ವರ್ಷ, ಸಕ್ಕರೆ ಕಾಯಿಲೆಯಿದೆ. ಕಳೆದ ಮಳೆಗಾಲದಲ್ಲಿ ಶಾಲೆಗೆ ಹೋಗುವ ಮಗನಿಂದ ಶುರುವಾದ ಜ್ವರ, ಕೆಮ್ಮು ನನಗೂ ತಗುಲಿ, ಕೊನೆಗೆ ಅವರನ್ನು ಎಂಟು ದಿನ ಆಸ್ಪತ್ರೆಯಲ್ಲಿ ಇರಿಸಬೇಕಾಯಿತು. ಅವರಿಗೆ ಮೈ ಬಿಸಿಯೇ ಆಗಿರಲಿಲ್ಲ. ಎರಡು ದಿನ ಊಟ ಬಿಟ್ಟು ಮಂಕಾಗಿದ್ದರು, ವಯಸ್ಸಾಯಿತಲ್ಲ ಎಂದು ಸುಮ್ಮನಿದ್ದೆವು. ಅವರು ಹೊಸ್ತಿಲು ದಾಟುವವರೇ ಅಲ್ಲ. ಮತ್ತೆ ಹೀಗಾಗದಂತೆ ಏನು ಮಾಡಬೇಕು? ಲಸಿಕೆ ಹಾಕಿಸಿದರೆ ಅದರಿಂದಲೇ ಫ್ಲೂ ಬರುತ್ತದೆ ಎನ್ನುತ್ತಾರೆ, ನಿಜವೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಹೊಸ್ತಿಲು ದಾಟದವರಿಗೆ ಫ್ಲೂ ತಾಗಿತೆಂದರೆ ಅದನ್ನು ಒಳಗೆ ತಂದವರು ಮನೆಯವರು ಅಥವಾ ಬಂದುಹೋದವರು. ಆದ್ದರಿಂದ ಎಚ್ಚರಿಕೆ ಆರೈಕೆ ಮಾಡುವವರಿಂದಲೇ ಆರಂಭವಾಗಬೇಕು. ಫ್ಲೂ ತಗುಲಿದವರು ಕೆಮ್ಮು, ಸೀನು ಕಾಣಿಸಿಕೊಳ್ಳುವುದಕ್ಕೆ ಒಂದು ದಿನ ಮೊದಲೇ ವೈರಸ್ಸನ್ನು ಹರಡಬಲ್ಲರು. ಕಾಣಿಸಿಕೊಂಡ ಮೇಲೂ 5ರಿಂದ 7 ದಿನ ಹರಡುತ್ತಿರುತ್ತಾರೆ. ಬಿಸಿ ಗಂಜಿಯನ್ನು ಬಾಯಿಂದ ಊದಿ ಆರಿಸಿ ತಿನ್ನಿಸುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಪ್ರೀತಿಯಿಂದ ಮಾಡುವ ಆ ಕೆಲಸದಲ್ಲಿ ಉಸಿರು ನೇರವಾಗಿ ಬಟ್ಟಲಿಗೂ ಹಿರಿಯರ ಮುಖಕ್ಕೂ ತಾಗುತ್ತದೆ. ತಟ್ಟೆಗೆ ಸುರಿದು ತಾನಾಗಿ ಆರಲು ಬಿಡಿ. ಮಗನಿಗೆ ನೆಗಡಿ ಬಂದರೆ ಅಜ್ಜಿಯ ಹಾಸಿಗೆಯಲ್ಲಿ ಮಲಗುವುದು ಒಂದು ವಾರ ನಿಲ್ಲಲಿ. ನಿಮಗೇ ಬಂದು, ಆರೈಕೆಗೆ ಬೇರೆ ಯಾರೂ ಇಲ್ಲದಿದ್ದರೆ, ಮಾಸ್ಕ್ ಧರಿಸಿ, ಸೋಪಿನಿಂದ 20 ಸೆಕೆಂಡು ಕೈ ತೊಳೆದೇ ಅವರ ಬಳಿ ಹೋಗಿ, ಕಿಟಕಿ ತೆರೆದಿಡಿ.

ನಮ್ಮಲ್ಲಿ ಫ್ಲೂ ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ಹೆಚ್ಚುತ್ತದೆ. ದುಗ್ಗಮ್ಮನ ಜಾತ್ರೆಗೆ ನೆಂಟರಿಷ್ಟರು ಮನೆ ತುಂಬುವುದೂ ಸಾಮಾನ್ಯವಾಗಿ ಈ ಎರಡನೆಯ ಅವಧಿಯಲ್ಲೇ. ಕೆಮ್ಮುತ್ತಿರುವವರು ಹಿರಿಯರಿಗೆ ದೂರದಿಂದಲೇ ಕೈ ಮುಗಿದರೆ ಯಾರ ಮರ್ಯಾದೆಯೂ ಕಡಿಮೆಯಾಗದು.

ಲಸಿಕೆಯ ಇಂಜೆಕ್ಷನ್‌ನಲ್ಲಿ ಜೀವಂತ ವೈರಸ್ ಇರುವುದಿಲ್ಲ, ಹಾಗಾಗಿ ಅದರಿಂದ ಫ್ಲೂ ಬರಲಾರದು. ತೋಳು ನೋವು, ಒಂದೆರಡು ದಿನ ಸಣ್ಣ ಜ್ವರ ಬರಬಹುದು. ವೈರಸ್ ರೂಪ ಬದಲಿಸುತ್ತಿರುವುದರಿಂದಲೂ ರಕ್ಷಣೆ ಕಾಲಕ್ರಮದಲ್ಲಿ ಕುಗ್ಗುವುದರಿಂದಲೂ ಪ್ರತಿ ವರ್ಷ ಹಾಕಿಸಬೇಕು. ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕಾದ್ದರಿಂದ ಮುಂಗಾರಿಗೆ ಮೊದಲೇ ವೈದ್ಯರನ್ನು ಕೇಳಿ. ಹಾಕಿಸಿಕೊಂಡವರಿಗೂ ಫ್ಲೂ ಬರಬಹುದು, ಆದರೆ ಆಸ್ಪತ್ರೆ ಸೇರುವಷ್ಟು ಉಲ್ಬಣಿಸುವ ಸಾಧ್ಯತೆ ಕಡಿಮೆ. ಇಳಿವಯಸ್ಸಿನಲ್ಲಿ ಲಸಿಕೆಯ ಫಲ ತುಸು ಕಡಿಮೆಯೇ. ನೀವೂ ಮಗನೂ ಹಾಕಿಸಿಕೊಳ್ಳಬೇಕೆನ್ನುವುದು ಅದಕ್ಕೇ.

ನೀವು ಬರೆದ ಮಂಕುತನವನ್ನು ಮತ್ತೆ ಕಡೆಗಣಿಸಬೇಡಿ. ಹಿರಿಯರಲ್ಲಿ ಜ್ವರವಿಲ್ಲದೆಯೂ ಫ್ಲೂ ಬರುತ್ತದೆ. ಊಟ ಬಿಡುವುದು, ಗೊಂದಲಗೊಳ್ಳುವುದು, ನಡೆಯುವಾಗ ತೂರಾಡುವುದೇ ಮೊದಲ ಸುಳಿವಾಗಬಹುದು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಔಷಧಿ ಲಕ್ಷಣ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ ಹೆಚ್ಚು ಫಲಕಾರಿ. ನೀವು ಕಾದ ಎರಡು ದಿನವೆಂದರೆ ಅಷ್ಟೇ ಹೊತ್ತು.

ಪ್ರಶ್ನೆ: ತಂದೆಯವರಿಗೆ ಕೆಮ್ಮು ಬಂದಾಗ ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಕೊಡಬಹುದೇ? ಬಿಸಿನೀರಿನ ಹಬೆ ಕೊಡುವುದು ಸರಿಯೇ?
– ಓದುಗರೊಬ್ಬರು, ಹಿರಿಯೂರು

ಉತ್ತರ: ಕೊಡಬೇಡಿ. ಫ್ಲೂ ವೈರಸ್ಸಿನಿಂದ ಬರುವುದು, ಆಂಟಿಬಯಾಟಿಕ್ ಅದನ್ನು ಮುಟ್ಟುವುದಿಲ್ಲ. ಫ್ಲೂ ಜೊತೆಗೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಸೇರಿದೆಯೇ ಎಂದು ವೈದ್ಯರೇ ನೋಡಿ ನಿರ್ಧರಿಸಲಿ. ಕೈ ನಡುಗುವವರ ಮುಂದೆ ಕುದಿನೀರಿನ ಪಾತ್ರೆ ಇಟ್ಟು ಕಂಬಳಿ ಹೊದಿಸುವುದು ಸುಟ್ಟಗಾಯಕ್ಕೆ ದಾರಿ. ಬೆಚ್ಚಗಿನ ಕಷಾಯ ಗಂಟಲಿಗೆ ಹಿತ ಕೊಡುತ್ತದೆ, ಧಾರಾಳವಾಗಿ ಕೊಡಿ. ಸಕ್ಕರೆ ಕಾಯಿಲೆಯಿದ್ದರೆ ಬೆಲ್ಲ ಬಿಡಿ.