ಮಲೆನಾಡಿನ ಮಳೆಗಾಲಕ್ಕೆ ಟ್ಯಾಬ್: ಮೊದಲು ಡಬ್ಬಿ, ಆಮೇಲೆ ಕೀಬೋರ್ಡ್

ಕೀಬೋರ್ಡ್ ಕವರೂ ಬೇಡ, ಪೆನ್ನೂ ಬೇಡ. ಮೊದಲು ಟ್ಯಾಬ್ ಇಡಲು ಒಂದು ಗಾಳಿಯಾಡದ ಡಬ್ಬಿ ತಗೊಳ್ಳಿ.

ಸಾಗರದ ಹತ್ತಿರದ ಹಳ್ಳಿ, ಎಂಟನೇ ಕ್ಲಾಸಿನ ಮಗಳು, ಹೊಸ ಟ್ಯಾಬ್, ಯಾವ ಆ್ಯಪ್ ಹಾಕಲಿ, ಏನೇನು ಸಾಮಾನು ತರಲಿ ಅಂತ ಕೇಳಿದ್ದೀರಿ. ಓದುತ್ತಾ ಓದುತ್ತಾ ನಮ್ಮ ಮನೆಯದೇ ಕಥೆ ಕಣ್ಣ ಮುಂದೆ ಬಂತು.

ನಮ್ಮದು ಹೊಸನಗರ ತಾಲೂಕು. 2020ರಲ್ಲಿ ಶಾಲೆ ಮುಚ್ಚಿ ಆನ್‌ಲೈನ್ ಪಾಠ ಶುರುವಾದಾಗ ಮಗಳಿಗೆ ಅಂತ ಟ್ಯಾಬ್ ತಂದೆವು. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ತೋಟ ದಾಟಿ ಗುಡ್ಡ ಹತ್ತಿದರೆ ಎರಡು ಕಡ್ಡಿ ಸಿಗುತ್ತಿತ್ತು. ಅಲ್ಲೇ ಎರಡು ಮರಕ್ಕೆ ಟಾರ್ಪಾಲು ಕಟ್ಟಿ, ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟಿದ್ದೆವು. ನಿಮ್ಮ ಕಡೆಯೂ ಇಂಥದ್ದನ್ನು ನೋಡಿರುತ್ತೀರಿ.

ಆ ಟ್ಯಾಬ್‌ನಲ್ಲಿ ಪಾಠದ ಜೊತೆಗೆ ಇನ್ನೊಂದು ಇತ್ತು. ನಮ್ಮ ಮಾವ 1979ರಿಂದ ದಿನಾ ಮಳೆ ಅಳೆದು ಬರೆದಿಡುತ್ತಿದ್ದರು. ಅಂಗಳದಲ್ಲಿ ಅಳತೆ ಡಬ್ಬಿ, ಬೆಳಿಗ್ಗೆ ಎಂಟೂವರೆಗೆ ಅದರ ನೀರು ಗಾಜಿನ ಕೊಳವೆಗೆ, ಆಮೇಲೆ ನೋಟ್‌ಬುಕ್ಕಿಗೆ. ಅಟ್ಟದ ಮೇಲಿದ್ದ ಆ ಪುಸ್ತಕಗಳಿಗೆ ಗೆದ್ದಲು ಹಿಡಿಯಿತು. ಮಗಳು ಒಂದು ವಾರ ಕೂತು, ಉಳಿದಿದ್ದ ಪುಟಗಳ ಫೋಟೋ ತೆಗೆದಳು. ಗೆದ್ದಲು ತಿಂದ ಪುಸ್ತಕಗಳು ಬಚ್ಚಲ ಒಲೆಗೆ ಹೋದವು. ಫೋಟೋ ಇದೆಯಲ್ಲ ಅಂತ ನಾನೇ ಹಾಕಿದ್ದು.

ಆಗಸ್ಟ್ ಮೊದಲ ವಾರ, ಆಶ್ಲೇಷ ಮಳೆ. ಎರಡು ದಿನದಿಂದ ಕರೆಂಟ್ ಇಲ್ಲ. ಮಗಳು ಗುಡ್ಡದಿಂದ ಟ್ಯಾಬನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಳು. ಮೇಲೆ ನೀರಿನ ಹನಿ ಕಾಣಲಿಲ್ಲ, ಸ್ವಲ್ಪ ತಂಪಾಗಿತ್ತು ಅಷ್ಟೆ. ಸೆರಗಿನಲ್ಲಿ ಒರೆಸಿ ಅಡುಗೆಮನೆ ಕಟ್ಟೆ ಮೇಲಿಟ್ಟೆ. ಪಕ್ಕದಲ್ಲಿ ಅನ್ನ ಬೇಯುತ್ತಿತ್ತು. ಅಷ್ಟರಲ್ಲಿ ಕರೆಂಟ್ ಬಂತು. ಕರೆಂಟ್ ಬಂದ ಕೂಡಲೇ ಮನೆಯವರೆಲ್ಲ ಹೇಗೆ ಓಡುತ್ತೇವೆ ನಿಮಗೇ ಗೊತ್ತು. ಮಿಕ್ಸಿ, ಪಂಪು, ಮೊಬೈಲು. ಟ್ಯಾಬ್‌ನಲ್ಲಿ ಶೇಕಡಾ 9 ಇತ್ತು. ಚಾರ್ಜರ್ ಚುಚ್ಚಿದೆ. ರಾತ್ರಿಯಿಡೀ ಹಾಗೇ ಬಿಟ್ಟೆ.

ನಾನು ಮಾಡಿದ ತಪ್ಪು ಅದೇ. ನೆನೆಸಿದ್ದಲ್ಲ, ತೇವ ಇರುವಾಗ ಚಾರ್ಜಿಗೆ ಹಾಕಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಗ ನನಗೆ ಯಾರೂ ಹೇಳಿರಲಿಲ್ಲ.

ತಂಪಾದ ವಸ್ತುವನ್ನು ಬೆಚ್ಚಗಿನ, ಹಬೆಯಾಡುವ ಜಾಗಕ್ಕೆ ತಂದರೆ ಅದು ಬೆವರುತ್ತದೆ. ಫ್ರಿಡ್ಜಿನ ನೀರು ಹಾಕಿದ ಸ್ಟೀಲ್ ಲೋಟ ಹೊರಗೆ ಬೆವರುತ್ತದಲ್ಲ, ಹಾಗೆ. ಮೇಲಿನ ಬೆವರು ಒರೆಸಬಹುದು. ಚಾರ್ಜಿಂಗ್ ತೂತಿನೊಳಗಿನದು ಕಾಣುವುದೇ ಇಲ್ಲ. ಟೈಪ್-ಸಿ ತೂತಿನೊಳಗೆ 24 ಪಿನ್ ಇರುತ್ತವೆ, ಮೇಲೆ 12, ಕೆಳಗೆ 12. ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಮಿಲಿಮೀಟರ್. ಒಂದು ಸಣ್ಣ ಹನಿ ಸಾಕು, ನಾಲ್ಕೈದು ಪಿನ್ನುಗಳನ್ನು ಸೇರಿಸಿಬಿಡುತ್ತದೆ. ಕರೆಂಟ್ ಇಲ್ಲದಿದ್ದರೆ ಆ ಹನಿ ಸುಮ್ನೆ ಆರಿ ಹೋಗುತ್ತಿತ್ತು. ಆದರೆ 5 ವೋಲ್ಟಿನ ಕರೆಂಟ್ ಹರಿಯುತ್ತಿದ್ದರೆ ಪಿನ್ನಿನ ಲೋಹವೇ ಆ ನೀರಿನಲ್ಲಿ ಕರಗಲು ಶುರುವಾಗುತ್ತದೆ. ಗಂಟೆಗಟ್ಟಲೆ ಚಾರ್ಜ್ ಆದಷ್ಟೂ ಅದು ತಿನ್ನುತ್ತಲೇ ಹೋಗುತ್ತದೆ. ನೀರೊಂದೇ ಇದ್ದಿದ್ದರೆ ಟ್ಯಾಬ್ ಉಳಿಯುತ್ತಿತ್ತು. ನೀರಿಗೆ ಕರೆಂಟನ್ನು ಸೇರಿಸಿದ್ದು ನನ್ನ ಕೈ.

ಕೆಲವು ದೊಡ್ಡ ಕಂಪನಿಯ ಟ್ಯಾಬ್‌ಗಳು ತೂತಿನಲ್ಲಿ ತೇವ ಇದೆ ಅಂತ ಎಚ್ಚರಿಸಿ ಚಾರ್ಜಿಂಗ್ ತಡೆಯುತ್ತವೆ. ನಮ್ಮದರಲ್ಲಿ ಅದಿರಲಿಲ್ಲ. ನಿಮ್ಮದರಲ್ಲಿ ಆ ಗುರುತು ಬಂದರೆ ದಯವಿಟ್ಟು ಬೇರೆ ಚಾರ್ಜರ್ ಹಾಕಿ ನೋಡಬೇಡಿ.

ಬೆಳಿಗ್ಗೆ ಟ್ಯಾಬ್ ಏಳಲಿಲ್ಲ. ಎರಡನೇ ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಅದೂ ಉಪಯೋಗವಿಲ್ಲ. ಆಶ್ಲೇಷ ಮಳೆಯಲ್ಲಿ ನಮ್ಮ ಅಕ್ಕಿಯೇ ತೇವವಾಗಿರುತ್ತದೆ, ಅದು ಯಾರ ತೇವ ಎಳೆಯುತ್ತದೆ ಹೇಳಿ? ಮೇಲಿಂದ ಅದರ ಧೂಳು ತೂತಿಗೆ ಹೋಗುತ್ತದೆ. ಆಪಲ್ ಕಂಪನಿಯೇ ಒದ್ದೆಯಾದ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಅಂತ ಹೇಳಿದೆ.

ಮಳೆ ಬಿಟ್ಟ ಮೇಲೆ ಶಿವಮೊಗ್ಗಕ್ಕೆ ಒಯ್ದೆವು. ರಿಪೇರಿಯ ಹುಡುಗ ಭೂತಗನ್ನಡಿ ಹಿಡಿದು ನನಗೂ ತೋರಿಸಿದ. ಪಿನ್ನುಗಳ ಸಾಲಿನಲ್ಲಿ ಹಸಿರು ಕಿಲುಬು. ಹುಣಸೆಹಣ್ಣು ಹಾಕಿ ತಿಕ್ಕದೆ ಬಿಟ್ಟ ತಾಮ್ರದ ಚೊಂಬಿನ ಬಣ್ಣ. ಮೂರು ಪಿನ್ನುಗಳ ಜಾಗದಲ್ಲಿ ಬರೀ ಕಪ್ಪು ಚುಕ್ಕಿ. ತೂತು ಬದಲಿಸಬಹುದಕ್ಕಾ, ಆದರೆ ಬೋರ್ಡೂ ಹೋಗಿದೆ ಅಂದ. ಫೋಟೋ ಇರುವ ಚಿಪ್ ಆ ಬೋರ್ಡಿಗೇ ಬೆಸೆದಿರುತ್ತದೆ, ಒಳಗಿನದಕ್ಕೆ ಬೀಗ ಬೇರೆ, ಹಾಗಾಗಿ ಫೋಟೋಗಳನ್ನು ಹೊರಗೆ ತೆಗೆಯಲು ಆಗಲಿಲ್ಲ. ಮನೆಯಲ್ಲಿ ನೆಟ್ ಇಲ್ಲದ್ದರಿಂದ ಗೂಗಲ್ ಫೋಟೋಸ್‌ಗೆ ಒಂದೂ ಏರಿರಲಿಲ್ಲ.

ಮಾವನಿಗೆ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಅವರು ಬೈಯಲಿಲ್ಲ. ಹೊಸನಗರಕ್ಕೆ ಹೋಗುವಾಗ ಒಂದು ಲಾಂಗ್ ನೋಟ್‌ಬುಕ್ ತಾ ಮಾರಾಯ್ತಿ ಅಂದರು, ಅಷ್ಟೆ.

ಈಗ ನಿಮ್ಮ ವಿಷಯ. ಟ್ಯಾಬ್‌ಗೆ ಆಕ್ಸೆಸರೀಸ್ ಯಾವುದು ಅಂತ ಕೇಳುವುದೇ ಬೆಂಗಳೂರಿನ ಪ್ರಶ್ನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು. ಚರ್ಮದಂಥ ಮಡಚುವ ಕವರಿಗೆ ಜುಲೈ ಹೊತ್ತಿಗೆ ಬೂಷ್ಟು ಬರುತ್ತದೆ, ಕೀಬೋರ್ಡ್ ಕವರ್ ತೇವವನ್ನು ಒಳಗೇ ಹಿಡಿದಿಡುತ್ತದೆ. ಸಾದಾ ಸಿಲಿಕೋನ್ ಕವರ್, ಸ್ಕ್ರೀನ್ ಮೇಲೆ ಅಂಟಿಸುವ ಒಂದು ಗ್ಲಾಸ್ ಸಾಕು.

ಡಬ್ಬಿಗೆ ಮುಚ್ಚಳದಲ್ಲಿ ರಬ್ಬರ್ ಪಟ್ಟಿ ಇರಬೇಕು. ಒಳಗೆ ಸಿಲಿಕಾ ಜೆಲ್ ಕಾಳು, ಒಂದು ಬಟ್ಟೆ ಚೀಲದಲ್ಲಿ ಕಟ್ಟಿ. ನೀಲಿ ಕಾಳಿನಲ್ಲಿ ಕೋಬಾಲ್ಟ್ ಇರುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಕಿತ್ತಳೆ ಬಣ್ಣದ್ದೇ ತಗೊಳ್ಳಿ. ತೇವ ಕುಡಿದಾಗ ಬಣ್ಣ ಬದಲಾಗುತ್ತದೆ. ಆಗ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿದರೆ ಮತ್ತೆ ಮೊದಲಿನ ಬಣ್ಣ ಬರುತ್ತದೆ. ನಮ್ಮ ಮನೆಯಲ್ಲಿ ಆಷಾಢದಲ್ಲಿ ವಾರಕ್ಕೊಮ್ಮೆ ಈ ಕೆಲಸ.

ಟ್ಯಾಬ್ ಹೊರಗಿನಿಂದ ಬಂದರೆ ಆಫ್ ಮಾಡಿ, ತೂತು ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಡಬ್ಬಿಗೆ ಹಾಕಿ. ಒದ್ದೆಯಾಗಿದ್ದರೆ ಒಂದು ಪೂರ್ತಿ ದಿನ ಬಿಡಿ. ಬಾಯಿಂದ ಊದಬೇಡಿ, ನಮ್ಮ ಉಸಿರೇ ತೇವ. ಹತ್ತಿ, ಕಡ್ಡಿ ತುರುಕಬೇಡಿ. ಬಚ್ಚಲ ಒಲೆ ಹತ್ತಿರ ಒಣಗಿಸಲು ಇಡಬೇಡಿ, ಬಿಸಿಗೆ ಬ್ಯಾಟರಿ ಹಾಳಾಗುತ್ತದೆ. ಅವಸರದಲ್ಲಿ ಚಾರ್ಜರ್ ಮಾತ್ರ ಚುಚ್ಚಬೇಡಿ. ಒಂದು ಕ್ಲಾಸ್ ತಪ್ಪಿದರೆ ತಪ್ಪಲಿ.

ಇನ್ನೊಂದು ದುಡ್ಡು ಹಾಕಬೇಕಾದ ವಸ್ತು 10,000 ಎಂಎಎಚ್‌ನ ಪವರ್‌ಬ್ಯಾಂಕ್. ಕರೆಂಟ್ ಇದ್ದಾಗ ಅದನ್ನು ತುಂಬಿಸಿ, ಟ್ಯಾಬನ್ನು ಅದರಿಂದ ಚಾರ್ಜ್ ಮಾಡಿ. ಗುಡುಗು ಸಿಡಿಲಿನ ಹೊತ್ತಿಗೆ ಟ್ಯಾಬ್ ಗೋಡೆಯ ಪ್ಲಗ್ಗಿಗೆ ಸಿಕ್ಕಿಕೊಂಡಿರುವುದಿಲ್ಲ.

ಆ್ಯಪ್ ಬಗ್ಗೆ ನನ್ನ ಮಾತು ಕಡಿಮೆ. ನೆಟ್ ಇಲ್ಲದೆ ನಡೆಯದ ಆ್ಯಪ್ ನಮಗೆ ಉಪಯೋಗವಿಲ್ಲ. ಪೇಟೆಗೆ ಹೋದಾಗ ಸರ್ಕಾರದ ಪಾಠದ ಆ್ಯಪ್ ದೀಕ್ಷಾದಲ್ಲಿ ಪಾಠ ಇಳಿಸಿಕೊಳ್ಳಿ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ತೋರಿಸಿದರೆ ಆ ಪಾಠದ್ದೇ ತೆರೆಯುತ್ತದೆ. ಕಿವಿಕ್ಸ್ ಅನ್ನುವ ಆ್ಯಪ್ ಹಾಕಿ ಇಳಿಸಿಕೊಂಡರೆ ಕನ್ನಡ ವಿಕಿಪೀಡಿಯವೇ ಟ್ಯಾಬ್‌ನೊಳಗೆ ಕೂರುತ್ತದೆ, ನೆಟ್ ಇಲ್ಲದೆ ಓದಬಹುದು. ನನ್ನ ಮಗಳಿಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಮರ್ಲಿನ್ ಅನ್ನುವ ಹಕ್ಕಿ ಆ್ಯಪ್. ಹಕ್ಕಿಯ ಕೂಗು ಕೇಳಿಸಿದರೆ ಯಾವ ಹಕ್ಕಿ ಅಂತ ಹೇಳುತ್ತದೆ, ಮೊದಲೇ ಇಳಿಸಿಟ್ಟುಕೊಂಡರೆ ನೆಟ್ ಬೇಡ.

ಜೊತೆಗೆ ಟೈಪ್-ಸಿ ಮೂತಿಯ ಒಂದು ಪೆನ್‌ಡ್ರೈವ್. ಮಗಳ ಫೋಟೋ, ನೋಟ್ಸ್ ಎಲ್ಲ ತಿಂಗಳಿಗೊಮ್ಮೆ ಅದಕ್ಕೆ. ನಾವು ಸಂಕಷ್ಟಿಯ ದಿನ ಮಾಡುತ್ತೇವೆ, ಮರೆಯಬಾರದು ಅಂತ. ಮಾವನ ಹೊಸ ನೋಟ್‌ಬುಕ್ಕಿನ ಪುಟಗಳ ಫೋಟೋವೂ ಅದರಲ್ಲೇ ಇದೆ, ಪುಸ್ತಕವೂ ಗೋಡೆಯ ಬೀರುವಿನಲ್ಲಿ ಇದೆ.

ಮಗಳ ಶಾಲೆ ಶುರುವಾಗುವುದು ಮಳೆಗಾಲದ ಬಾಗಿಲಲ್ಲೇ ಅಲ್ವಾ? ಡಬ್ಬಿ ಅದಕ್ಕೂ ಮೊದಲೇ ಮನೆಗೆ ಬರಲಿ. ಪೆನ್ ಬೇಕೇ ಬೇಕು ಅಂದರೆ ದೀಪಾವಳಿ ಕಳೆದ ಮೇಲೆ ನೋಡಿ.